ಕೋಠಿಯಿಂದ ತಂದ ಬೋರ್ಡು ಮಾತಾಡದಿದ್ದರೆ



ಹೈದರಾಬಾದಿನಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನು ಬೇಕೆಂದರೆ ಮೊದಲು ಬಾಯಿಗೆ ಬರುವ ಹೆಸರು ಕೋಠಿ. ಕೋಠಿ ಎಂದರೆ ದೊಡ್ಡ ಬಂಗಲೆ. ಇನ್ನೂರು ವರ್ಷಗಳ ಹಿಂದೆ ಬ್ರಿಟಿಷ್ ರೆಸಿಡೆಂಟ್ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ಬಂಗಲೆಯಿಂದ ಈ ಬಡಾವಣೆಗೆ ಆ ಹೆಸರು ಬಂತು. ಆ ಕಟ್ಟಡ ಮುಂದೆ ಹೆಣ್ಣುಮಕ್ಕಳ ಕಾಲೇಜಾಯಿತು, ಈಗ ಮಹಿಳಾ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಅದರ ಸುತ್ತಲಿನ ಬ್ಯಾಂಕ್ ಸ್ಟ್ರೀಟ್, ಗುಜರಾತಿ ಗಲ್ಲಿ, ಸುಲ್ತಾನ್ ಬಜಾರಿನಲ್ಲಿ ಸೀರೆ, ಹಳೆಯ ಪುಸ್ತಕ, ರೆಸಿಸ್ಟರು, ಕೆಪಾಸಿಟರು ಎಲ್ಲವೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ನಗರದ ಇಂಜಿನಿಯರಿಂಗ್ ವಿದ್ಯಾರ್ಥಿಗಳಷ್ಟೇ ಅಲ್ಲ, ಬೀದರ, ಕಲಬುರಗಿ, ರಾಯಚೂರು ಕಡೆಯ ಹುಡುಗ ಹುಡುಗಿಯರೂ ಬೆಳಗಿನ ಬಸ್ಸು ಹಿಡಿದು ಮಹಾತ್ಮಾ ಗಾಂಧಿ ಬಸ್ ನಿಲ್ದಾಣದಲ್ಲಿ ಇಳಿದು, ಇಲ್ಲಿಂದ ಪ್ರಾಜೆಕ್ಟಿನ ಸಾಮಾನು ಕೊಂಡು ಸಂಜೆಗೆ ಊರು ಸೇರುತ್ತಾರೆ.

ತೊಂದರೆ ಶುರುವಾಗುವುದು ಊರು ಸೇರಿದ ಮೇಲೆ. ಬೋರ್ಡನ್ನು ಯುಎಸ್‌ಬಿ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ ಪ್ರೋಗ್ರಾಂ ಕಳಿಸಲು ಹೋದರೆ ಪರದೆಯ ಮೇಲೆ ಕೆಂಪಕ್ಷರದ ಸಾಲುಗಳು. ಒಂದು ಸಲ "ಪ್ರೋಗ್ರಾಮರ್ ಈಸ್ ನಾಟ್ ರೆಸ್ಪಾಂಡಿಂಗ್", ಇನ್ನೊಂದು ಸಲ "ನಾಟ್ ಇನ್ ಸಿಂಕ್", ಮತ್ತೊಂದು ಸಲ "ಟೈಮ್ಡ್ ಔಟ್". ಬೋರ್ಡು ಕೆಟ್ಟಿದೆ ಎಂದುಕೊಂಡು ಮಕ್ಕಳು ಇನ್ನೊಂದು ಕೊಳ್ಳಲು ಓಡುತ್ತಾರೆ. ಅಂಗಡಿಯವರು ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಮಗನ ಓದಿಗೆಂದು ಹೊಂದಿಸಿಟ್ಟ ದುಡ್ಡಿನಲ್ಲಿ ಒಂದು ಬೋರ್ಡಿನ ಜಾಗಕ್ಕೆ ಎರಡು, ಮೂರು ಬೋರ್ಡುಗಳ ಖರ್ಚು ಬೀಳುತ್ತದೆ. ಹೊಸ ಬೋರ್ಡು ಬಂದರೂ ಕೆಂಪಕ್ಷರ ಹೋಗುವುದಿಲ್ಲ. ಏಕೆಂದರೆ ಹಲವು ಸಲ ದೋಷವಿರುವುದು ಬೋರ್ಡಿನ ಹೊರಗೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ ಆಗಬಾರದಲ್ಲವೇ? ಅದಕ್ಕಾಗಿ ಈ ಲೇಖನ. ಮನೆಯಲ್ಲೇ, ಹೆಚ್ಚಿನ ಉಪಕರಣಗಳಿಲ್ಲದೆ, ದೋಷ ಎಲ್ಲಿದೆ ಎಂದು ಒಂದೊಂದಾಗಿ ಪತ್ತೆ ಹಚ್ಚುವ ಬಗೆಯನ್ನು ನೋಡೋಣ.

ಒಳಗೆ ನಡೆಯುವುದೇನು?

ಉದಾಹರಣೆಗೆ ಎಲ್ಲರಿಗೂ ಪರಿಚಿತವಾದ ಆರ್ಡುಯಿನೊ ಉನೊ ಬೋರ್ಡನ್ನೇ ತೆಗೆದುಕೊಳ್ಳೋಣ. ಆರ್ಡುಯಿನೊ ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರೆಯಾ ಎಂಬ ಊರಿನಲ್ಲಿ. ವಿನ್ಯಾಸ ಕಲಿಯುವ ವಿದ್ಯಾರ್ಥಿಗಳಿಗೆ ಅಗ್ಗದ, ಸುಲಭದ ಬೋರ್ಡು ಬೇಕೆಂದು ಮಾಸ್ಸಿಮೊ ಬಾಂಜಿ ಮತ್ತು ಅವರ ಸಂಗಡಿಗರು ಇದನ್ನು ರೂಪಿಸಿದರು. ಆ ಊರಿನ ಒಂದು ಬಾರಿನ ಹೆಸರೇ ಬೋರ್ಡಿನ ಹೆಸರಾಯಿತು. ಉನೊ ಮಾದರಿ ಬಂದದ್ದು 2010ರಲ್ಲಿ. ಇದರ ನಕ್ಷೆಯನ್ನು ಯಾರು ಬೇಕಾದರೂ ಬಳಸಬಹುದಾದ್ದರಿಂದ ಚೀನಾದಲ್ಲಿ ತಯಾರಾದ ನೂರಾರು ಬಗೆಯ ತದ್ರೂಪಿಗಳು ಮಾರುಕಟ್ಟೆಯಲ್ಲಿವೆ. ಕೋಠಿಯಲ್ಲಿ ಅಗ್ಗದ ಬೆಲೆಗೆ ಸಿಗುವ ಬೋರ್ಡುಗಳು ಸಾಮಾನ್ಯವಾಗಿ ಇಂಥವೇ. ಅವು ಕೆಟ್ಟವೆಂದಲ್ಲ, ಆದರೆ ಕೆಲವು ಬಿಡಿಭಾಗಗಳು ಬೇರೆ ಇರುತ್ತವೆ. ಆ ವ್ಯತ್ಯಾಸ ತಿಳಿದಿದ್ದರೆ ಅರ್ಧ ತಲೆನೋವು ಕಡಿಮೆ.

ನೀವು ಅಪ್‌ಲೋಡ್ ಗುಂಡಿ ಒತ್ತಿದಾಗ ಸಂದೇಶವು ಐದು ಕೈ ದಾಟಿ ಹೋಗಬೇಕು. ಮೊದಲನೆಯದು ಕಂಪ್ಯೂಟರಿನಲ್ಲಿರುವ ತಂತ್ರಾಂಶ. ಎರಡನೆಯದು ಡ್ರೈವರ್, ಅಂದರೆ ಈ ಚಿಪ್ಪಿನೊಡನೆ ಹೇಗೆ ವ್ಯವಹರಿಸಬೇಕೆಂದು ಕಂಪ್ಯೂಟರಿಗೆ ಹೇಳಿಕೊಡುವ ಪುಟ್ಟ ತಂತ್ರಾಂಶ. ಮೂರನೆಯದು ಕೇಬಲ್ಲು. ನಾಲ್ಕನೆಯದು ಬೋರ್ಡಿನ ಮೇಲಿರುವ ದುಭಾಷಿ ಚಿಪ್ಪು. ಕಂಪ್ಯೂಟರಿನ ಯುಎಸ್‌ಬಿ ಭಾಷೆ ಮುಖ್ಯ ಚಿಪ್ಪಿಗೆ ಬರುವುದಿಲ್ಲ, ಅದಕ್ಕೆ ತಿಳಿದಿರುವುದು ಸೀರಿಯಲ್ ಎಂಬ ಹಳೆಯ ಸರಳ ಭಾಷೆ. ದುಭಾಷಿ ಚಿಪ್ಪು ಅಲ್ಲಿಯದನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ಹೇಳುತ್ತದೆ. ಐದನೆಯದು ಮುಖ್ಯ ಚಿಪ್ಪಿನೊಳಗೆ ಒಂದು ಮೂಲೆಯಲ್ಲಿ ಕುಳಿತಿರುವ ಬೂಟ್‌ಲೋಡರ್. ಹೊಸ ಪ್ರೋಗ್ರಾಮನ್ನು ಬರಮಾಡಿಕೊಂಡು ನೆನಪಿನಲ್ಲಿ ಬರೆದಿಡುವ ದ್ವಾರಪಾಲಕ ಅದು.

ಈ ದ್ವಾರಪಾಲಕ ಸದಾ ಎಚ್ಚರವಾಗಿರುವುದಿಲ್ಲ. ಬೋರ್ಡು ರಿಸೆಟ್ ಆದಾಗ ಮಾತ್ರ ಎದ್ದು, ಸುಮಾರು ಒಂದು ಸೆಕೆಂಡ್ ಬಾಗಿಲಲ್ಲಿ ನಿಂತು "ಯಾರಾದರೂ ಬಂದಿರಾ?" ಎಂದು ನೋಡುತ್ತದೆ. ಯಾರೂ ಕರೆಯದಿದ್ದರೆ ಒಳಗಿರುವ ಹಳೆಯ ಪ್ರೋಗ್ರಾಮನ್ನು ಓಡಿಸಿ ಸುಮ್ಮನಾಗುತ್ತದೆ. ಹಾಗಾಗಿ ಕಂಪ್ಯೂಟರು ಮೊದಲು ದುಭಾಷಿ ಚಿಪ್ಪಿನ ಡಿಟಿಆರ್ ಎಂಬ ತಂತಿಯ ಮೂಲಕ, 0.1 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ದಾಟಿಸಿ, ಬೋರ್ಡಿಗೆ ರಿಸೆಟ್ ಕೊಡುತ್ತದೆ. ಕೂಡಲೇ ನಮಸ್ಕಾರ ಹೇಳುತ್ತದೆ. ಬೂಟ್‌ಲೋಡರು ಮರುನಮಸ್ಕಾರ ಹೇಳಿದರೆ ಕೆಲಸ ಮುಂದುವರಿಯುತ್ತದೆ. ಹತ್ತು ಸಲ ಕರೆದರೂ ಉತ್ತರ ಬರದಿದ್ದರೆ "ನಾಟ್ ಇನ್ ಸಿಂಕ್" ಎಂಬ ಸಾಲು ಬರುತ್ತದೆ.

ಆದ್ದರಿಂದ ಕೆಂಪಕ್ಷರ ಕಂಡಾಗ ಕೇಳಬೇಕಾದ ಪ್ರಶ್ನೆ ಇಷ್ಟೇ: ಐದು ಕೈಗಳಲ್ಲಿ ಯಾವ ಕೈಯಲ್ಲಿ ಸಂದೇಶ ಬಿದ್ದುಹೋಯಿತು?

ಮೊದಲ ಪರೀಕ್ಷೆ: ಕಂಪ್ಯೂಟರಿಗೆ ಬೋರ್ಡು ಕಾಣುತ್ತಿದೆಯೇ?

ಇದಕ್ಕೆ ಒಂದು ನಿಮಿಷ ಸಾಕು. ವಿಂಡೋಸ್ ಆದರೆ ಡಿವೈಸ್ ಮ್ಯಾನೇಜರ್ ತೆರೆದಿಟ್ಟುಕೊಂಡು ಬೋರ್ಡಿನ ಕೇಬಲ್ಲನ್ನು ತೆಗೆಯಿರಿ, ಮತ್ತೆ ಹಾಕಿ. ಪಟ್ಟಿಯಲ್ಲಿ ಏನಾದರೂ ಬದಲಾಯಿತೇ ಎಂದು ನೋಡಿ. ಪೋರ್ಟ್ಸ್ ಎಂಬ ಶೀರ್ಷಿಕೆಯ ಕೆಳಗೆ ಕಾಮ್ 3, ಕಾಮ್ 5 ಎಂಬಂಥ ಹೊಸ ಹೆಸರು ಬಂದರೆ ಮೊದಲ ನಾಲ್ಕು ಕೈಗಳು ಹೆಚ್ಚುಕಡಿಮೆ ಸರಿಯಾಗಿವೆ ಎಂದರ್ಥ. ಹಳದಿ ತ್ರಿಕೋನದ ಗುರುತಿನೊಡನೆ ಅಪರಿಚಿತ ಸಾಧನವೊಂದು ಕಂಡರೆ ಡ್ರೈವರ್ ತೊಂದರೆ ಇರಬಹುದು. ಏನೂ ಬದಲಾಗದಿದ್ದರೆ, ಗಂಟೆಯ ಸದ್ದೂ ಬರದಿದ್ದರೆ, ಮೊದಲ ಅನುಮಾನ ಕೇಬಲ್ಲಿನ ಮೇಲೆ. ಲಿನಕ್ಸ್ ಬಳಸುವವರು ಟರ್ಮಿನಲ್ಲಿನಲ್ಲಿ ಯುಎಸ್‌ಬಿ ಸಾಧನಗಳ ಪಟ್ಟಿಯನ್ನು ಹೀಗೇ ಎರಡು ಸಲ ತೆಗೆದು ಹೋಲಿಸಬಹುದು.

ಇಲ್ಲಿ ಒಂದು ಎಚ್ಚರಿಕೆ. ಬೋರ್ಡಿನ ಪುಟ್ಟ ದೀಪ ಉರಿಯುತ್ತಿದೆ ಎಂದಮಾತ್ರಕ್ಕೆ ಸಂಪರ್ಕವಾಗಿದೆ ಎಂದು ತಿಳಿಯಬೇಡಿ. ದೀಪ ಹೇಳುವುದು ವಿದ್ಯುತ್ತು ಬಂತು ಎಂದಷ್ಟೇ. ರೇಡಿಯೋ ಆನ್ ಆಗಿದ್ದರೂ ಸ್ಟೇಷನ್ ಸಿಕ್ಕಿರಬೇಕೆಂದೇನಿಲ್ಲ.

ಕೇಬಲ್ಲಿನ ಕಥೆ

ಯುಎಸ್‌ಬಿ ಎಂಬ ಪದ್ಧತಿ ಬಂದದ್ದು 1996ರಲ್ಲಿ. ಅದನ್ನು ರೂಪಿಸಿದ ಇಂಟೆಲ್ ತಂಡದ ಪ್ರಮುಖರಲ್ಲಿ ಒಬ್ಬರು ನಮ್ಮ ಬರೋಡಾದಲ್ಲಿ ಓದಿದ ಅಜಯ್ ಭಟ್. ಸಾಮಾನ್ಯ ಯುಎಸ್‌ಬಿ ಕೇಬಲ್ಲಿನೊಳಗೆ ನಾಲ್ಕು ತಂತಿಗಳು. ಕೆಂಪು ಮತ್ತು ಕಪ್ಪು ವಿದ್ಯುತ್ತಿಗೆ, ಹಸಿರು ಮತ್ತು ಬಿಳಿ ಮಾತುಕತೆಗೆ. ಮೊಬೈಲು, ಇಯರ್‌ಫೋನು, ಕೈದೀಪಗಳ ಜೊತೆ ಬರುವ ಎಷ್ಟೋ ಅಗ್ಗದ ಕೇಬಲ್ಲುಗಳಲ್ಲಿ ಹಸಿರು, ಬಿಳಿ ತಂತಿಗಳೇ ಇರುವುದಿಲ್ಲ. ಅವು ಚಾರ್ಜ್ ಮಾಡಲಷ್ಟೇ ಲಾಯಕ್ಕು. ಬೋರ್ಡಿನ ದೀಪ ಉರಿಯುತ್ತದೆ, ಮಾತು ದಾಟುವುದಿಲ್ಲ.

ಇದನ್ನು ಪರೀಕ್ಷಿಸುವುದು ಬಹಳ ಸುಲಭ. ಅದೇ ಕೇಬಲ್ಲಿನಲ್ಲಿ ನಿಮ್ಮ ಮೊಬೈಲನ್ನು ಕಂಪ್ಯೂಟರಿಗೆ ಜೋಡಿಸಿ ಒಂದು ಫೋಟೋ ನಕಲು ಮಾಡಿ ನೋಡಿ. ಫೋಟೋ ಬಂದರೆ ಕೇಬಲ್ಲು ಸರಿ. ಉನೊ ಬೋರ್ಡಿಗೆ ಬೇಕಾಗುವ ಚೌಕಾಕಾರದ ಕೇಬಲ್ಲು ಮೊಬೈಲಿಗೆ ಹೊಂದುವುದಿಲ್ಲ, ಆಗ ಮನೆಯ ಪ್ರಿಂಟರಿನಲ್ಲಿ ಹಾಕಿ ನೋಡಬಹುದು. ಪ್ರಿಂಟರಿನದೂ ಅದೇ ಕೇಬಲ್ಲು. ಇನ್ನು ಉದ್ದದ ವಿಷಯ. ಯುಎಸ್‌ಬಿ 2ರ ಕೇಬಲ್ಲಿಗೆ ಮಿತಿ 5 ಮೀಟರ್. ನಮ್ಮ ಕೆಲಸಕ್ಕೆ ಒಂದು ಮೀಟರಿನದು ಸಾಕು, ಅದಕ್ಕೂ ಚಿಕ್ಕದಾದರೆ ಇನ್ನೂ ಒಳ್ಳೆಯದು. ಹಬ್ ಇದ್ದರೆ ತೆಗೆದು ನೇರವಾಗಿ ಕಂಪ್ಯೂಟರಿಗೇ ಹಾಕಿ. ಟೇಬಲ್ಲಿನ ಮೇಲಿಡುವ ಕಂಪ್ಯೂಟರಾದರೆ ಮುಂಭಾಗದ ತೂತುಗಳ ಬದಲು ಹಿಂಭಾಗದವನ್ನು ಬಳಸಿ ನೋಡಿ.

ಅಂಗಡಿಯಲ್ಲಿ ಕೇಬಲ್ಲು ಕೊಳ್ಳುವಾಗ ನಮ್ಮ ಹೈದರಾಬಾದಿ ಧಾಟಿಯಲ್ಲೇ ಹೇಳಿಬಿಡಿ: "ಡೇಟಾ ಕೇಬಲ್ ಹೋನಾ ಭಾಯ್, ಖಾಲಿ ಚಾರ್ಜಿಂಗ್ ಕಾ ನಕ್ಕೊ." ಇದೊಂದು ಮಾತು ನಿಮಗೆ ಒಂದು ದಿನದ ಓಡಾಟ ಉಳಿಸೀತು.

ದುಭಾಷಿ ಯಾರು, ಡ್ರೈವರ್ ಯಾವುದು?

ಕೇಬಲ್ಲು ಸರಿಯಿದ್ದೂ ಹಳದಿ ತ್ರಿಕೋನ ಬಂದರೆ ಬೋರ್ಡಿನ ಮೇಲಿರುವ ದುಭಾಷಿ ಚಿಪ್ಪಿನ ಹೆಸರು ಓದಬೇಕು. ಯುಎಸ್‌ಬಿ ಬಾಯಿಯ ಹತ್ತಿರವೇ ಇರುವ ಚಿಕ್ಕ ಕಪ್ಪು ಚಿಪ್ಪು ಅದು. ಅಕ್ಷರ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಅಸಲಿ ಉನೊ ಆರ್3 ಬೋರ್ಡಿನಲ್ಲಿ ದುಭಾಷಿಯಾಗಿ ಎಟಿಮೆಗಾ 16ಯು2 ಎಂಬ ಚಿಪ್ಪು ಇರುತ್ತದೆ. ವಿಂಡೋಸ್ 10 ಮತ್ತು ನಂತರದವುಗಳಲ್ಲಿ ಇದಕ್ಕೆ ಬೇರೆ ಡ್ರೈವರ್ ಹಾಕುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ತದ್ರೂಪಿಗಳಲ್ಲಿ ಹೆಚ್ಚಾಗಿ ಕಾಣುವುದು ಚೀನಾದ ನಾನ್‌ಜಿಂಗ್‌ನ ಕಂಪನಿಯೊಂದು ತಯಾರಿಸುವ ಸಿಎಚ್ 340. ಇಎಸ್‌ಪಿ 32 ಬೋರ್ಡುಗಳಲ್ಲಿ ಸಿಎಚ್ 340 ಇಲ್ಲವೇ ಸಿಲಿಕಾನ್ ಲ್ಯಾಬ್ಸ್‌ನ ಸಿಪಿ 2102 ಸಿಗುತ್ತದೆ. ಹಳೆಯ ಬೋರ್ಡುಗಳಲ್ಲಿ ಸ್ಕಾಟ್ಲೆಂಡಿನ ಎಫ್‌ಟಿಡಿಐ ಕಂಪನಿಯ ಎಫ್‌ಟಿ 232 ಇರುತ್ತದೆ. ಒಂದೊಂದಕ್ಕೂ ಬೇರೆ ಬೇರೆ ಡ್ರೈವರ್. ಒಂದರ ಡ್ರೈವರ್ ಇನ್ನೊಂದಕ್ಕೆ ಆಗಿಬರುವುದಿಲ್ಲ. ಇಂಟರ್ನೆಟ್ ಸಂಪರ್ಕವಿದ್ದರೆ ವಿಂಡೋಸ್ ತಾನೇ ಹುಡುಕಿ ಹಾಕಿಕೊಳ್ಳುವುದುಂಟು. ಹಾಕಿಕೊಳ್ಳದಿದ್ದರೆ ಚಿಪ್ಪು ತಯಾರಿಸಿದ ಕಂಪನಿಯ ತಾಣದಿಂದಲೇ ಇಳಿಸಿಕೊಳ್ಳಿ. ಎಲ್ಲೆಲ್ಲೋ ಸಿಗುವ ಡ್ರೈವರ್ ಕಟ್ಟುಗಳ ಜೊತೆ ವೈರಸ್ಸೂ ಉಚಿತವಾಗಿ ಬಂದೀತು.

ನಕಲಿ ಚಿಪ್ಪಿನ ಬಗ್ಗೆ ಒಂದು ಪ್ರಸಂಗ ಹೇಳಲೇಬೇಕು. 2014ರ ಅಕ್ಟೋಬರಿನಲ್ಲಿ ಎಫ್‌ಟಿಡಿಐ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಜಗತ್ತಿನ ಕಂಪ್ಯೂಟರುಗಳನ್ನು ಸೇರಿತು. ಅದು ತನ್ನ ಚಿಪ್ಪಿನ ನಕಲನ್ನು ಕಂಡರೆ ಅದರ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿಬಿಡುತ್ತಿತ್ತು. ಹಾಗಾದ ಮೇಲೆ ಕಂಪ್ಯೂಟರಿಗೆ ಆ ಬೋರ್ಡು ಯಾವುದೆಂದೇ ತಿಳಿಯುತ್ತಿರಲಿಲ್ಲ. ನಕಲಿ ಎಂದು ಗೊತ್ತಿಲ್ಲದೆ ಕೊಂಡವರ ಸಾಧನಗಳೂ ರಾತ್ರೋರಾತ್ರಿ ಮೂಕವಾದವು. ಗಲಾಟೆ ಎದ್ದ ಮೇಲೆ ಆ ಡ್ರೈವರನ್ನು ಹಿಂದಕ್ಕೆ ಪಡೆಯಲಾಯಿತು. ನಿನ್ನೆ ಕೆಲಸ ಮಾಡಿದ ಬೋರ್ಡು ಕಂಪ್ಯೂಟರಿನ ಅಪ್‌ಡೇಟ್ ಆದ ಮೇಲೆ ನಿಂತುಹೋದರೆ ಬೋರ್ಡನ್ನು ಬೈಯುವ ಮೊದಲು ಡ್ರೈವರಿನ ಕಡೆ ನೋಡಬೇಕೆಂಬುದಕ್ಕೆ ಇದೇ ಸಾಕ್ಷಿ.

ಬಾಗಿಲು ಇದೆ, ಆದರೆ ಒಳಗೆ ಬಿಡುತ್ತಿಲ್ಲ

ಪೋರ್ಟಿನ ಹೆಸರು ಕಾಣುತ್ತಿದೆ, ಆದರೂ "ಆಕ್ಸೆಸ್ ಈಸ್ ಡಿನೈಡ್" ಅಥವಾ "ಪೋರ್ಟ್ ಬಿಝಿ" ಎಂದು ಬರುತ್ತದೆ. ಒಂದು ಪೋರ್ಟನ್ನು ಒಂದು ಹೊತ್ತಿಗೆ ಒಂದೇ ತಂತ್ರಾಂಶ ಹಿಡಿಯಬಹುದು. ಸೀರಿಯಲ್ ಮಾನಿಟರ್ ಇನ್ನೊಂದು ಕಿಟಕಿಯಲ್ಲಿ ತೆರೆದಿದೆಯೇ? ಪೈಥಾನಿನಲ್ಲಿ ಬರೆದ ಪ್ರೋಗ್ರಾಂ ಹಿಂದುಗಡೆ ಓಡುತ್ತಿದೆಯೇ? ಬೇರೆ ಟರ್ಮಿನಲ್ ತಂತ್ರಾಂಶ ತೆರೆದಿದೆಯೇ? ಎಲ್ಲವನ್ನೂ ಮುಚ್ಚಿ, ಕೇಬಲ್ಲು ತೆಗೆದು ಹಾಕಿ, ಮತ್ತೆ ಪ್ರಯತ್ನಿಸಿ.

ಮೆನುವಿನಲ್ಲಿ ಸರಿಯಾದ ಪೋರ್ಟು ಆರಿಸಿದ್ದೀರಾ ಎಂಬುದನ್ನೂ ನೋಡಿ. ಕಾಮ್ 1 ಎಂಬುದು ಹಲವು ಕಂಪ್ಯೂಟರುಗಳಲ್ಲಿ ಯಂತ್ರದ ಸ್ವಂತ ಹಳೆಯ ಪೋರ್ಟು, ನಮ್ಮ ಬೋರ್ಡಿಗೂ ಅದಕ್ಕೂ ಸಂಬಂಧವಿಲ್ಲ. ಬ್ಲೂಟೂತ್ ಕೂಡ ಒಂದೆರಡು ಸಂಖ್ಯೆಗಳನ್ನು ಹಿಡಿದುಕೊಂಡಿರುತ್ತದೆ. ಬೋರ್ಡು ತೆಗೆದಾಗ ಮಾಯವಾಗಿ, ಹಾಕಿದಾಗ ಬರುವ ಸಂಖ್ಯೆಯೇ ನಿಮ್ಮದು. ಬೇರೆ ತೂತಿಗೆ ಹಾಕಿದರೆ ಸಂಖ್ಯೆ ಬದಲಾಗಬಹುದು, ಅದೂ ನೆನಪಿರಲಿ.

ಲಿನಕ್ಸ್ ಬಳಸುವವರಿಗೆ ಎರಡು ವಿಶೇಷ ತೊಡಕುಗಳು. "ಪರ್ಮಿಷನ್ ಡಿನೈಡ್" ಎಂದರೆ ನಿಮ್ಮ ಬಳಕೆಯ ಹೆಸರಿಗೆ ಪೋರ್ಟು ತೆರೆಯುವ ಅಧಿಕಾರವಿಲ್ಲ. ಉಬುಂಟುವಿನಲ್ಲಿ ಆ ಹೆಸರನ್ನು ಡಯಲೌಟ್ ಎಂಬ ಗುಂಪಿಗೆ ಸೇರಿಸಿ, ಒಮ್ಮೆ ಲಾಗೌಟ್ ಆಗಿ ಮರಳಿ ಬರಬೇಕು. ಲಾಗೌಟ್ ಆಗದಿದ್ದರೆ ಸೇರಿಸಿದ್ದು ಜಾರಿಗೆ ಬರುವುದಿಲ್ಲ. ಎರಡನೆಯದು 2022ರಲ್ಲಿ ಬಂದ ಉಬುಂಟು 22.04ರಲ್ಲಿ ಬಹಳ ಜನರನ್ನು ಕಾಡಿದ್ದು. ಸಿಎಚ್ 340 ಇರುವ ಬೋರ್ಡು ಒಂದು ಕ್ಷಣ ಕಂಡು ಮರುಕ್ಷಣ ಮಾಯ! ಕಾರಣ, ಅಂಧರು ಬಳಸುವ ಬ್ರೈಲ್ ಪರದೆಗಳನ್ನು ನಡೆಸುವ ಬಿಆರ್‌ಎಲ್‌ಟಿಟಿವೈ ಎಂಬ ತಂತ್ರಾಂಶ. ಕೆಲವು ಬ್ರೈಲ್ ಸಾಧನಗಳಲ್ಲೂ ಅದೇ ಚಿಪ್ಪಿನ ಗುರುತಿನ ಸಂಖ್ಯೆ ಇರುವುದರಿಂದ ಅದು ನಮ್ಮ ಬೋರ್ಡನ್ನು ಬ್ರೈಲ್ ಪರದೆ ಎಂದು ತಿಳಿದು ಹಿಡಿದುಕೊಳ್ಳುತ್ತದೆ. ಆ ಕಂಪ್ಯೂಟರಿನಲ್ಲಿ ಬ್ರೈಲ್ ಪರದೆ ಬಳಸುವವರು ಯಾರೂ ಇಲ್ಲದಿದ್ದರೆ ಆ ತಂತ್ರಾಂಶವನ್ನು ತೆಗೆದುಹಾಕಬಹುದು. ಇದ್ದರೆ ದಯವಿಟ್ಟು ಮುಟ್ಟಬೇಡಿ, ಬೇರೆ ಕಂಪ್ಯೂಟರ್ ಬಳಸಿ.

"ನಾಟ್ ಇನ್ ಸಿಂಕ್" ಎಂದರೆ

ಪೋರ್ಟು ತೆರೆಯಿತು, ಕಂಪ್ಯೂಟರು ನಮಸ್ಕಾರ ಹೇಳಿತು, ಉತ್ತರ ಬರಲಿಲ್ಲ. ಈಗ ಐದನೆಯ ಕೈಯ ಸರದಿ. ನೋಡಬೇಕಾದ್ದು ನಾಲ್ಕು ಸಂಗತಿ.

ಒಂದು, ಬೋರ್ಡಿನ ಆಯ್ಕೆ. ಮೆನುವಿನಲ್ಲಿ ಉನೊ ಎಂದಿದ್ದು ಕೈಯಲ್ಲಿರುವುದು ಮೆಗಾ ಆಗಿದ್ದರೆ ಮಾತು ಕೂಡುವುದಿಲ್ಲ.

ಎರಡು, ವೇಗ. ನ್ಯಾನೊ ಎಂಬ ಪುಟ್ಟ ಬೋರ್ಡಿನಲ್ಲಿ ಇದು ತೀರಾ ಸಾಮಾನ್ಯ. 2018ರ ಜನವರಿಯಿಂದ ಮಾರಾಟವಾದ ಅಸಲಿ ನ್ಯಾನೊಗಳಲ್ಲಿ ಹೊಸ ಬೂಟ್‌ಲೋಡರ್ ಇದೆ, ಅದು 115200 ಬಾಡ್ ವೇಗದಲ್ಲಿ ಮಾತಾಡುತ್ತದೆ. ಹಳೆಯದರ ವೇಗ 57600. ಆದರೆ ತದ್ರೂಪಿಗಳಲ್ಲಿ ಆಮೇಲೂ ಹಳೆಯದನ್ನೇ ಹಾಕಿ ಮಾರುತ್ತ ಬಂದಿದ್ದಾರೆ. ಕಂಪ್ಯೂಟರು ಒಂದು ವೇಗದಲ್ಲಿ, ಬೋರ್ಡು ಇನ್ನೊಂದು ವೇಗದಲ್ಲಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯ ಹಾಗೆ. ರೇಡಿಯೋದ ಮುಳ್ಳು ಸರಿಯಾದ ಜಾಗದಲ್ಲಿ ನಿಲ್ಲದಿದ್ದರೆ ಗೊರಗೊರ ಶಬ್ದ ಮಾತ್ರ ಕೇಳುವುದಿಲ್ಲವೇ, ಹಾಗೇ ಇದೂ. ಪರಿಹಾರ ಸರಳ. ಟೂಲ್ಸ್ ಮೆನುವಿನ ಪ್ರೊಸೆಸರ್ ಎಂಬಲ್ಲಿ "ಓಲ್ಡ್ ಬೂಟ್‌ಲೋಡರ್" ಆಯ್ಕೆ ಮಾಡಿ. ಸತ್ತುಹೋಯಿತೆಂದು ಮೂಲೆಗೆ ಬಿದ್ದ ಎಷ್ಟೋ ನ್ಯಾನೊ ಬೋರ್ಡುಗಳು ಈ ಒಂದೇ ಕ್ಲಿಕ್ಕಿಗೆ ಎದ್ದು ಕೂರುತ್ತವೆ.

ಮೂರು, ಸೊನ್ನೆ ಮತ್ತು ಒಂದನೆಯ ಪಿನ್ನುಗಳು. ದುಭಾಷಿಯ ಮಾತು ಮುಖ್ಯ ಚಿಪ್ಪಿಗೆ ಹೋಗುವುದೇ ಈ ಎರಡು ಪಿನ್ನುಗಳ ದಾರಿಯಲ್ಲಿ. ಅಲ್ಲಿ ಬ್ಲೂಟೂತ್ ಮಾಡ್ಯೂಲನ್ನೋ ಜಿಪಿಎಸ್ಸನ್ನೋ ಜಿಎಸ್‌ಎಂ ಮಾಡ್ಯೂಲನ್ನೋ ಜೋಡಿಸಿದ್ದರೆ ಇಬ್ಬರು ಒಟ್ಟಿಗೆ ಮಾತಾಡಿದಂತಾಗಿ ಯಾರ ಮಾತೂ ತಿಳಿಯುವುದಿಲ್ಲ. ಅಪ್‌ಲೋಡ್ ಮಾಡುವಾಗ ಆ ಎರಡು ತಂತಿಗಳನ್ನು ಕಿತ್ತಿಡಿ. ಮುಗಿದ ಮೇಲೆ ಹಾಕಿಕೊಳ್ಳಿ.

ನಾಲ್ಕು, ರಿಸೆಟ್. ಬೋರ್ಡಿನ ರಿಸೆಟ್ ಗುಂಡಿ ಒತ್ತಿ ಬಿಡಿ. ಎಲ್ ಎಂದು ಬರೆದಿರುವ ದೀಪ ಚಕಚಕನೆ ಮಿನುಗಿದರೆ ಬೂಟ್‌ಲೋಡರ್ ಬದುಕಿದೆ. ಆದರೂ ಅಪ್‌ಲೋಡ್ ಆಗದಿದ್ದರೆ ತಾನಾಗಿ ರಿಸೆಟ್ ಕೊಡುವ ದಾರಿ ಎಲ್ಲೋ ತುಂಡಾಗಿರಬಹುದು. ಆಗ ಕೈಯಿಂದಲೇ ರಿಸೆಟ್ ಕೊಡಿ. ಅಪ್‌ಲೋಡ್ ಒತ್ತಿ, ಕಂಪೈಲಿಂಗ್ ಮುಗಿದು ಅಪ್‌ಲೋಡಿಂಗ್ ಎಂಬ ಮಾತು ಬಂದ ಕೂಡಲೇ ಗುಂಡಿ ಒತ್ತಿ ಬಿಡಬೇಕು. ಎರಡು ಮೂರು ಸಲ ಮಾಡಿದರೆ ಹೊತ್ತು ಕೂಡಿಬರುತ್ತದೆ.

ದೋಷ ದುಭಾಷಿಯದೋ, ಮುಖ್ಯ ಚಿಪ್ಪಿನದೋ?

ಇದಕ್ಕೊಂದು ಚಂದದ ಪರೀಕ್ಷೆ ಇದೆ, ಎರಡು ತುಂಡು ತಂತಿ ಸಾಕು. ಉನೊ ಬೋರ್ಡಿನ ಮೇಲಿನ ಉಳಿದ ಜೋಡಣೆಗಳನ್ನೆಲ್ಲ ತೆಗೆಯಿರಿ. ಒಂದು ತಂತಿಯಿಂದ ರಿಸೆಟ್ ಪಿನ್ನನ್ನು ಗ್ರೌಂಡ್ ಪಿನ್ನಿಗೆ ಸೇರಿಸಿ. ಈಗ ಮುಖ್ಯ ಚಿಪ್ಪು ನಿದ್ದೆಯಲ್ಲೇ ಇರುತ್ತದೆ, ಅಡ್ಡ ಬರುವುದಿಲ್ಲ. ಇನ್ನೊಂದು ತಂತಿಯಿಂದ ಸೊನ್ನೆ ಮತ್ತು ಒಂದನೆಯ ಪಿನ್ನುಗಳನ್ನು ಸೇರಿಸಿ. ಸೀರಿಯಲ್ ಮಾನಿಟರ್ ತೆರೆದು ನಿಮ್ಮ ಹೆಸರು ಟೈಪ್ ಮಾಡಿ ಕಳಿಸಿ. ಗೋಳಗುಮ್ಮಟದ ಮಾರ್ದನಿಯಂತೆ ಅದೇ ಹೆಸರು ವಾಪಸು ಬಂದರೆ ತಂತ್ರಾಂಶ, ಡ್ರೈವರ್, ಕೇಬಲ್ಲು, ದುಭಾಷಿ ನಾಲ್ಕೂ ಸರಿ. ದೋಷ ಮುಖ್ಯ ಚಿಪ್ಪಿನ ಕಡೆ ಇದೆ. ವಾಪಸು ಬರದಿದ್ದರೆ ದೋಷ ದುಭಾಷಿಯವರೆಗಿನ ದಾರಿಯಲ್ಲೇ ಇದೆ. ಪರೀಕ್ಷೆ ಮುಗಿದ ಮೇಲೆ ಎರಡೂ ತಂತಿಗಳನ್ನು ತೆಗೆಯಲು ಮರೆಯಬೇಡಿ.

ಮುಖ್ಯ ಚಿಪ್ಪಿನ ಬೂಟ್‌ಲೋಡರ್ ಅಳಿಸಿಹೋಗಿದ್ದರೂ ಚಿಂತೆಯಿಲ್ಲ. ಗೆಳೆಯರ ಬಳಿ ಇನ್ನೊಂದು ಉನೊ ಇದ್ದರೆ ಅದಕ್ಕೆ "ಆರ್ಡುಯಿನೊ ಐಎಸ್‌ಪಿ" ಎಂಬ ಉದಾಹರಣೆಯ ಪ್ರೋಗ್ರಾಮನ್ನು ಹಾಕಿ. ಅದರ 11, 12, 13ನೇ ಪಿನ್ನುಗಳನ್ನು ಕೆಟ್ಟ ಉನೊದ ಅದೇ ಸಂಖ್ಯೆಯ ಪಿನ್ನುಗಳಿಗೆ, 10ನೇ ಪಿನ್ನನ್ನು ಅದರ ರಿಸೆಟ್ಟಿಗೆ, 5 ವೋಲ್ಟ್ ಮತ್ತು ಗ್ರೌಂಡನ್ನು ಅವುಗಳಿಗೇ ಜೋಡಿಸಿ. ಒಳ್ಳೆಯ ಬೋರ್ಡಿನ ರಿಸೆಟ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡಿ, ಅದರ ಪ್ಲಸ್ ಕಾಲು ರಿಸೆಟ್ ಕಡೆಗೆ. ಆಮೇಲೆ ಪ್ರೋಗ್ರಾಮರ್ ಎಂಬಲ್ಲಿ "ಆರ್ಡುಯಿನೊ ಆ್ಯಸ್ ಐಎಸ್‌ಪಿ" ಆರಿಸಿ "ಬರ್ನ್ ಬೂಟ್‌ಲೋಡರ್" ಒತ್ತಿದರೆ ದ್ವಾರಪಾಲಕ ಮತ್ತೆ ಬಂದು ಕೂರುತ್ತಾನೆ. ಇದೂ ವಿಫಲವಾದರೆ ಮಾತ್ರ ಚಿಪ್ಪು ಕೆಟ್ಟಿದೆ ಎಂಬ ಮಾತು ಆಡಬಹುದು. ಆಗಲೂ ಚಿಪ್ಪು ಸಾಕೆಟ್ಟಿನಲ್ಲಿ ಕೂರಿಸಿದ ಉದ್ದನೆಯದಾಗಿದ್ದರೆ ಅದೊಂದನ್ನೇ ಬದಲಿಸಬಹುದು, ಇಡೀ ಬೋರ್ಡು ಎಸೆಯಬೇಕಾಗಿಲ್ಲ.

ಇಎಸ್‌ಪಿ 32 ಮತ್ತು ಇತರ ಬೋರ್ಡುಗಳು

ಈಗಿನ ಪ್ರಾಜೆಕ್ಟುಗಳಲ್ಲಿ ವೈಫೈ ಇರುವ ಇಎಸ್‌ಪಿ 32 ಬಹಳ ಬಳಕೆಯಲ್ಲಿದೆ. ಇದು ಶಾಂಘೈನ ಎಸ್‌ಪ್ರೆಸಿಫ್ ಕಂಪನಿಯ ಚಿಪ್ಪು. ಇದರ ಪದ್ಧತಿ ತುಸು ಬೇರೆ. ರಿಸೆಟ್ ಆಗುವ ಕ್ಷಣದಲ್ಲಿ ಜಿಪಿಐಒ 0 ಎಂಬ ಪಿನ್ನು ಗ್ರೌಂಡಿಗೆ ಸೇರಿದ್ದರೆ ಮಾತ್ರ ಅದು ಹೊಸ ಪ್ರೋಗ್ರಾಮನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಬೋರ್ಡಿನ ಮೇಲಿರುವ ಎರಡು ಟ್ರಾನ್ಸಿಸ್ಟರುಗಳು ಈ ಕೆಲಸವನ್ನು ತಾವೇ ಮಾಡಬೇಕು, ಆದರೆ ಕೆಲವು ಬೋರ್ಡುಗಳಲ್ಲಿ ಹೊತ್ತು ತಪ್ಪುತ್ತದೆ. ಪರದೆಯ ಮೇಲೆ "ಕನೆಕ್ಟಿಂಗ್" ಎಂದು ಬಂದು ಚುಕ್ಕಿಗಳ ಸಾಲು ಬೆಳೆಯುತ್ತಾ ಹೋಗಿ, ಕೊನೆಗೆ "ಟೈಮ್ಡ್ ಔಟ್ ವೇಟಿಂಗ್ ಫಾರ್ ಪ್ಯಾಕೆಟ್ ಹೆಡರ್" ಅಥವಾ "ರಾಂಗ್ ಬೂಟ್ ಮೋಡ್" ಎನ್ನುತ್ತದೆ.

ಉಪಾಯ ಹೀಗಿದೆ. ಚುಕ್ಕಿಗಳು ಬರತೊಡಗಿದಾಗ ಬೋರ್ಡಿನ ಬೂಟ್ ಎಂಬ ಗುಂಡಿಯನ್ನು ಒತ್ತಿ ಹಿಡಿಯಿರಿ. ಬರೆಯುವ ಕೆಲಸ ಶುರುವಾಗಿ ಶೇಕಡಾವಾರು ಅಂಕಿ ಕಂಡ ಮೇಲೆ ಬಿಡಿ. ಇದಕ್ಕೂ ಬಗ್ಗದಿದ್ದರೆ ಬೂಟ್ ಹಿಡಿದುಕೊಂಡೇ ಇಎನ್ ಗುಂಡಿಯನ್ನು ಒಮ್ಮೆ ಒತ್ತಿ ಬಿಡಿ. ಪ್ರತಿ ಸಲವೂ ಹೀಗೆ ಮಾಡಬೇಕಾದ ಬೋರ್ಡಾದರೆ ಇಎನ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಹಲವು ಸಲ ಸರಿಹೋಗುತ್ತದೆ. ಕೋಠಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಸಾಮಾನು ಅದು. ಅರ್ಧಕ್ಕೆ ನಿಂತುಹೋಗುವ ಬೋರ್ಡಿಗೆ ಅಪ್‌ಲೋಡ್ ವೇಗವನ್ನು 921600ರಿಂದ 115200ಕ್ಕೆ ಇಳಿಸಿ ನೋಡಿ. 0, 2 ಮತ್ತು 12ನೇ ಜಿಪಿಐಒ ಪಿನ್ನುಗಳಿಗೆ ಸೆನ್ಸರು, ರಿಲೇ ಜೋಡಿಸಿದ್ದರೆ ಅಪ್‌ಲೋಡಿಗೆ ಮುಂಚೆ ಬಿಚ್ಚಿಡಿ. ಚಿಪ್ಪು ಏಳುವಾಗ ತಾನು ಹೇಗೆ ನಡೆಯಬೇಕೆಂದು ಕೇಳುವುದು ಇಂಥ ಪಿನ್ನುಗಳನ್ನೇ.

ರಾಸ್‌ಬೆರಿ ಪೈ ಪಿಕೊ ಬಂದದ್ದು 2021ರ ಜನವರಿಯಲ್ಲಿ. ಅದರಲ್ಲಿ ಪೋರ್ಟು ಕಾಣದಿದ್ದರೆ ಗಾಬರಿ ಬೇಡ. ಬೂಟ್‌ಸೆಲ್ ಗುಂಡಿ ಒತ್ತಿ ಹಿಡಿದುಕೊಂಡು ಕೇಬಲ್ಲು ಹಾಕಿದರೆ ಅದು ಪೆನ್ ಡ್ರೈವ್ ಥರ ಕಾಣಿಸಿಕೊಳ್ಳುತ್ತದೆ, ಪ್ರೋಗ್ರಾಮಿನ ಕಡತವನ್ನು ಅದರೊಳಗೆ ನಕಲು ಮಾಡಿದರಾಯಿತು. ಪ್ರೊ ಮೈಕ್ರೊ ಥರದ ಬೋರ್ಡುಗಳಲ್ಲಿ ರಿಸೆಟ್ಟನ್ನು ಬೇಗ ಬೇಗ ಎರಡು ಸಲ ಕೊಟ್ಟರೆ ಬೂಟ್‌ಲೋಡರು ಸುಮಾರು 8 ಸೆಕೆಂಡ್ ಎಚ್ಚರವಿರುತ್ತದೆ. ಆಗ ಪೋರ್ಟಿನ ಸಂಖ್ಯೆ ಬದಲಾಗುತ್ತದೆ, ಹೊಸ ಸಂಖ್ಯೆಯನ್ನೇ ಆರಿಸಬೇಕು.

ವಿದ್ಯುತ್ತಿನ ಹಸಿವು

ಬೋರ್ಡು ಕಾಣಿಸಿಕೊಳ್ಳುತ್ತದೆ, ಮೋಟರ್ ತಿರುಗಿದ ಕೂಡಲೇ ಮಾಯವಾಗುತ್ತದೆ. ಇದು ಸಂಪರ್ಕದ ದೋಷವಲ್ಲ, ಹೊಟ್ಟೆಗೆ ಸಾಲದ ದೋಷ. ಯುಎಸ್‌ಬಿ 2ರ ತೂತು ಕೊಡಬಲ್ಲದ್ದು 500 ಮಿಲಿ ಆಂಪಿಯರ್. ಸರ್ವೊ ಮೋಟರು, ರಿಲೇಗಳ ಸಾಲು, ಜಿಎಸ್‌ಎಂ ಮಾಡ್ಯೂಲು ಅದಕ್ಕಿಂತ ಹೆಚ್ಚು ಕೇಳುತ್ತವೆ. ವೋಲ್ಟೇಜ್ ಕುಸಿದು ಬೋರ್ಡು ಮತ್ತೆ ಮತ್ತೆ ರಿಸೆಟ್ ಆಗುತ್ತದೆ. ಮೋಟರಿಗೆ ಬೇರೆ ಅಡಾಪ್ಟರ್ ಕೊಡಿ, ಎರಡರ ಗ್ರೌಂಡ್ ಮಾತ್ರ ಒಂದಾಗಿಸಿ. ಅಸಲಿ ಉನೊದಲ್ಲಿ ಹೆಚ್ಚು ಕರೆಂಟು ಹರಿದರೆ ತಾನೇ ತಡೆದು, ತಣ್ಣಗಾದ ಮೇಲೆ ಮತ್ತೆ ಬಿಡುವ ಫ್ಯೂಸ್ ಇದೆ. ಎಲ್ಲ ತದ್ರೂಪಿಗಳಲ್ಲೂ ಅದು ಇರುತ್ತದೆಂದು ನಂಬಿ ಕೂರಬೇಡಿ. ಸ್ಟೀಲ್ ಮೇಜಿನ ಮೇಲೆ, ತಂತಿಯ ಚೂರುಗಳ ಮೇಲೆ ಬೋರ್ಡನ್ನು ಇಡಲೇಬಾರದು. ಅಡಿಯಲ್ಲಿ ಒಂದು ರಟ್ಟು ಹಾಕಿ.

ನೆನಪಿಗೆ ಒಂದು ಕ್ರಮ

ಅಡುಗೆ ಕೆಟ್ಟಾಗ ಉಪ್ಪು, ಹುಳಿ, ಖಾರ ಮೂರನ್ನೂ ಒಟ್ಟಿಗೆ ಸುರಿದರೆ ಯಾವುದು ಕಡಿಮೆಯಿತ್ತೆಂದು ತಿಳಿಯುವುದಿಲ್ಲ. ಇಲ್ಲೂ ಅಷ್ಟೇ. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಮೊದಲು ಬೋರ್ಡಿನ ಮೇಲಿನ ಎಲ್ಲ ಜೋಡಣೆ ಬಿಚ್ಚಿ, ಬರಿಯ ಬೋರ್ಡು ಇಟ್ಟುಕೊಳ್ಳಿ. ಕೇಬಲ್ಲು ತೆಗೆದು ಹಾಕಿ ಪೋರ್ಟು ಬರುತ್ತದೆಯೇ ನೋಡಿ. ಬರದಿದ್ದರೆ ಕೇಬಲ್ಲು, ಆಮೇಲೆ ತೂತು, ಆಮೇಲೆ ಡ್ರೈವರ್. ಬಂದರೆ ಪೋರ್ಟಿನ ಆಯ್ಕೆ, ಬೋರ್ಡಿನ ಆಯ್ಕೆ, ಹಳೆಯ ಬೂಟ್‌ಲೋಡರಿನ ಆಯ್ಕೆ. ಆಮೇಲೆ ಕೈಯಿಂದ ರಿಸೆಟ್ ಅಥವಾ ಬೂಟ್ ಗುಂಡಿ. ಕೊನೆಗೆ ಮಾರ್ದನಿಯ ಪರೀಕ್ಷೆ. ಸಾಧ್ಯವಿದ್ದರೆ ಬೇರೊಬ್ಬರ ಕಂಪ್ಯೂಟರಿನಲ್ಲಿ ಒಮ್ಮೆ ನೋಡಿ. ಕೆಂಪಕ್ಷರದ ಸಾಲುಗಳನ್ನು ಅಳಿಸಬೇಡಿ, ಬರೆದಿಟ್ಟುಕೊಳ್ಳಿ. ಯಾರನ್ನಾದರೂ ಸಹಾಯ ಕೇಳುವಾಗ "ಬರುತ್ತಿಲ್ಲ" ಎಂದರೆ ಯಾರಿಗೂ ತಿಳಿಯದು. ಸಂದೇಶದ ಮೊದಲ ಸಾಲು ಹೇಳಿದರೆ ತಿಳಿದವರು ಅರ್ಧ ದಾರಿಯಲ್ಲೇ ಕಾರಣ ಹೇಳುತ್ತಾರೆ.

ದೂರದ ಊರಿನಿಂದ ಕೋಠಿಗೆ ಬರುವವರಿಗೆ ಒಂದು ಕಿವಿಮಾತು. ಲ್ಯಾಪ್‌ಟಾಪ್ ಇದ್ದರೆ ಚೀಲದಲ್ಲಿ ಹಾಕಿಕೊಂಡೇ ಬನ್ನಿ. ಡ್ರೈವರುಗಳನ್ನು ಮನೆಯಲ್ಲೇ ಹಾಕಿಟ್ಟುಕೊಂಡು ಬನ್ನಿ. ಬೋರ್ಡು ಕೊಂಡ ಅಂಗಡಿಯವರನ್ನು ಒಳ್ಳೆಯ ಮಾತಿನಲ್ಲಿ ಕೇಳಿಕೊಂಡು, ದುಡ್ಡು ಕೊಡುವ ಮುಂಚೆ ಪೋರ್ಟು ಬರುತ್ತದೆಯೇ, ದೀಪ ಮಿನುಗಿಸುವ ಬ್ಲಿಂಕ್ ಪ್ರೋಗ್ರಾಂ ಹತ್ತುತ್ತದೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಐದು ನಿಮಿಷದ ಕೆಲಸ, ಬೀದರಿಗೋ ರಾಯಚೂರಿಗೋ ಹೋಗಿ ಮತ್ತೆ ಬರುವ ಬಸ್ ಚಾರ್ಜು ಉಳಿಯಿತು.

ತಂದೆ ತಾಯಂದಿರಲ್ಲೂ ಒಂದು ಮಾತು. ಮಗು ರಾತ್ರಿ ಹನ್ನೊಂದಕ್ಕೆ ಬೋರ್ಡಿನ ಮುಂದೆ ಕಣ್ಣೀರು ಹಾಕುತ್ತ ಕುಳಿತಿದ್ದರೆ ಬೈಯಬೇಡಿ. ಈ ಪುಟ ಕೈಗಿಟ್ಟು, "ಒಂದೊಂದೇ ನೋಡು, ಸಿಗುತ್ತೆ" ಎನ್ನಿ. ಆ ರಾತ್ರಿ ದೋಷ ತಾನೇ ಹುಡುಕಿದ ಮಗು ಮುಂದೆ ದೊಡ್ಡ ಯಂತ್ರದೆದುರು ನಿಂತಾಗಲೂ ಹೆದರುವುದಿಲ್ಲ.

ನಿಮ್ಮ ಮನೆಯ ಮೂಲೆಯಲ್ಲಿ ಹೀಗೆ "ಕೆಟ್ಟುಹೋದ" ಬೋರ್ಡು ಇದ್ದರೆ ಈ ಭಾನುವಾರ ಹೊರತೆಗೆದು ಪರೀಕ್ಷಿಸಿ. ಎದ್ದು ಕೂತರೆ ನಮಗೂ ಒಂದು ಸಾಲು ಬರೆದು ತಿಳಿಸಿ, ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಉಳಿದ ಕೇಳುಗರೊಡನೆ ಹಂಚಿಕೊಳ್ಳುತ್ತೇವೆ. ಏಳದಿದ್ದರೂ ಬರೆಯಿರಿ, ಕೆಂಪಕ್ಷರದ ಮೊದಲ ಸಾಲನ್ನು ಮಾತ್ರ ಮರೆಯದೆ ಸೇರಿಸಿ. ಮತ್ತೆ ಸಿಗೋಣ.